ಹಂಚಿನ ಬಣ್ಣದ ಲೋಕ

ಬೆಂಗ್ರೆ, ಮಂಗಳೂರು
ಸೆಪ್ಟೆಂಬರ್ 8, 2024

ಮಾನ್ಯ ವಾಲ್ಟರ್ ಪಿಂಟೊ ಸರ್ ಅವರಿಗೆ,

ನಮಸ್ಕಾರ. ನನ್ನ ಹೆಸರು ಪ್ರಾಪ್ತಿ. ನಿಮಗೆ ನನ್ನ ಪರಿಚಯ ಇಲ್ಲ. ಬಂದರಿನಲ್ಲಿ ಕ್ಯಾಮೆರಾ ರಿಪೇರಿ ಮಾಡುವ ಹಿತೇಶಣ್ಣ, ನೀವು ಹಳೆಯ ಫೋಟೊಗ್ರಾಫರ್ ಎಂದು ನಿಮ್ಮ ಧಾರವಾಡದ ವಿಳಾಸ ಕೊಟ್ಟರು. "ಫೋನ್ ಮಾಡಿ ಪ್ರಯೋಜನ ಇಲ್ಲ, ಅವರಿಗೆ ಕಿವಿ ಸರಿ ಕೇಳುದಿಲ್ಲ. ವಾಟ್ಸಾಪ್ ಅವರು ಮುಟ್ಟುದೇ ಇಲ್ಲ. ಕಾಗದ ಬರೆ ಮಾರಾಯ್ತಿ, ಹತ್ತು ಪುಟ ಉತ್ತರ ಬರ್ತದೆ" ಎಂದರು. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಶಾಲಾ ಪ್ರವಾಸಕ್ಕೆ ಅನುಮತಿ ಕೇಳಿ ತಂದೆಗೆ ಬರೆದದ್ದೇ ನನ್ನ ಕೊನೆಯ ಪತ್ರ. ತಪ್ಪಿದ್ದರೆ ಕ್ಷಮಿಸಬೇಕು.

ನಾನು ಪಣಂಬೂರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಮೂವತ್ತು ವರ್ಷಗಳ ಹಿಂದೆ ಬಹರೈನಿನಿಂದ ತಂದ ರೀಲಿನ ಕ್ಯಾಮೆರಾ ನಮ್ಮ ಕಪಾಟಿನಲ್ಲಿ ಟವೆಲ್ ಸುತ್ತಿಕೊಂಡು ಮಲಗಿತ್ತು. ಹಿತೇಶಣ್ಣ ಅದನ್ನು ಎಬ್ಬಿಸಿದ್ದಾರೆ. ಅದರ ತಲೆಯ ಮೇಲೆ ಒಂದು ಚಕ್ರ ಉಂಟು. ಪಿ, ಎಸ್, ಎ, ಎಂ ಎಂದು ನಾಲ್ಕು ಅಕ್ಷರ. ಮುಂದಿನ ಲೆನ್ಸನ್ನು ತಿರುಗಿಸಿದರೆ ಮೂವತ್ತೈದರಿಂದ ಎಪ್ಪತ್ತಕ್ಕೆ ಹೋಗುತ್ತದೆ, ದೂರದ್ದು ಹತ್ತಿರ ಬರುತ್ತದೆ. ಇದರ ಜೊತೆ ಬಂದ ಪುಸ್ತಕವನ್ನು ಇಲಿ ಓದಿ ಮುಗಿಸಿದೆ. ಈ ನಾಲ್ಕು ಅಕ್ಷರಗಳ ಅರ್ಥವನ್ನು ನೀವು ಹೇಳಿಕೊಡಬೇಕು.

ಮೊಬೈಲ್ ಇರುವಾಗ ಇದೆಲ್ಲ ಎಂತಕ್ಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಅಜ್ಜಿ. ಫೆಬ್ರವರಿ ಒಂಬತ್ತಕ್ಕೆ ನನ್ನ ಮದುವೆ. ಹುಡುಗ ರೂಪೇಶ್, ಬಂದರಿನಲ್ಲಿ ಕ್ರೇನ್ ನಡೆಸುತ್ತಾರೆ. ಅಮ್ಮ ಐಸ್ ಪ್ಲಾಂಟಿನ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಎತ್ತಿ ಆಡಿಸಿ ಬೆಳೆಸಿದ್ದು ಅಜ್ಜಿಯೇ. ಅವರು ಈಗ ಹೇಳುತ್ತಿದ್ದಾರೆ (ಅವರದು ತುಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ): "ಧಾರೆಗೆ ನಿಲ್ತೇನೆ, ಫೋಟೊಕ್ಕೆ ನಿಲ್ಲುದಿಲ್ಲ. ನನ್ನಿಂದ ನಿನ್ನ ಫೋಟೊ ಹಾಳಾಗುದು ಬೇಡ."

ಅವರ ಮದುವೆಯ ಒಂದು ಫೋಟೊ ನಮ್ಮ ಗೋಡೆಯಲ್ಲಿದೆ, 1979ರದ್ದು. ಹಿಂದಿನ ಸುಣ್ಣದ ಗೋಡೆ ಕಾಣುತ್ತದೆ, ಬೆಂಗ್ರೆಯ ಮರಳು ಕಾಣುತ್ತದೆ, ಅಜ್ಜಿಯ ತಲೆಯ ಮಲ್ಲಿಗೆ ಮೊಗ್ಗು ಎಣಿಸುವಷ್ಟು ಕಾಣುತ್ತದೆ. ಅಜ್ಜನ ಮುಖ, ಅಜ್ಜಿಯ ಮುಖ ಎರಡೂ ಮಸಿ. ಫೋಟೊ ಕೈಗೆ ಬಂದ ದಿನ ಅಜ್ಜಿ ಕೇಳಿದರಂತೆ, ಹೀಗೆ ಯಾಕೆ ಬಂತು ಎಂದು. "ಕಪ್ಪು ಇದ್ದವರು ಕಪ್ಪೇ ಬರುದು" ಎಂದನಂತೆ ಫೋಟೊದವನು. ಆಮೇಲೆ ಅಜ್ಜಿ ಯಾವ ಕ್ಯಾಮೆರಾದ ಮುಂದೆಯೂ ನಿಂತಿಲ್ಲ. ಒಮ್ಮೆ ನಾನು ಮೊಬೈಲಿನಲ್ಲಿ ತೆಗೆದು ತೋರಿಸಿದೆ. ಮೊಬೈಲ್ ತಾನಾಗಿಯೇ ಅವರ ಮುಖಕ್ಕೆ ಪೌಡರ್ ಬಳಿದು ಬೆಳ್ಳಗೆ ಮಾಡಿತ್ತು. ಅಜ್ಜಿ ನೋಡಿ ನಗಾಡಿದರು. "ಇದು ಯಾರು ಮಾರಾಯ್ತಿ?" ಎಂದರು. ನಕ್ಕದ್ದು ಹೌದು, ಆದರೆ ಕಣ್ಣು ನಗಲಿಲ್ಲ.

ಒಂದು ಕ್ಯಾಮೆರಾ ಕಪ್ಪು ಸುಳ್ಳು ಹೇಳಿತು, ಇನ್ನೊಂದು ಬಿಳಿ ಸುಳ್ಳು ಹೇಳಿತು. ಅಜ್ಜಿ ಇದ್ದ ಹಾಗೆ ಬರುವ ಒಂದೇ ಒಂದು ಫೋಟೊ ತೆಗೆದು ಅವರ ಕೈಗೆ ಕೊಡಬೇಕು. ಅದನ್ನು ನೋಡಿಯಾದರೂ ನನ್ನ ಮದುವೆಯಲ್ಲಿ ಪಕ್ಕ ನಿಂತಾರು ಎಂಬ ಆಸೆ. ಅವರಿಲ್ಲದ ಮದುವೆ ಫೋಟೊ ನನಗೆ ಬೇಡವೇ ಬೇಡ.

ನಿಮ್ಮ ಉತ್ತರ ಕಾಯುವ,
ಪ್ರಾಪ್ತಿ


ಧಾರವಾಡ
ಸೆಪ್ಟೆಂಬರ್ 15, 2024

ಪ್ರೀತಿಯ ಪ್ರಾಪ್ತಿ,

ನಿನ್ನ ಕಾಗದ ಓದಿ ನನಗೆ ಪ್ರಾಯ ಇಳಿಯಿತು. ಮಗಳ ಮನೆಯಲ್ಲಿ ಮೂರು ವರ್ಷದಿಂದ ಇದ್ದೇನೆ. ಇಲ್ಲಿ ನನ್ನನ್ನು ಯಾರೂ ಬೆಳಕಿನ ಬಗ್ಗೆ ಕೇಳುವುದಿಲ್ಲ, ಬಿ.ಪಿ. ಬಗ್ಗೆ ಮಾತ್ರ ಕೇಳುತ್ತಾರೆ.

ಗಮನ ಇಟ್ಟು ಓದು. ಫಿಲ್ಮಿಗೆ ಬೆಳಕು ಬೇಕು, ಅಳತೆಯಲ್ಲಿ ಬೇಕು. ಆ ಅಳತೆಯನ್ನು ಹಿಡಿಯುವುದು ಎರಡು ಕಡೆ. ಲೆನ್ಸಿನ ಒಳಗಿನ ಕಿಂಡಿ ಎಷ್ಟು ಅಗಲ ತೆರೆದಿದೆ ಎಂಬುದು ಒಂದು. ಫಿಲ್ಮಿನ ಮುಂದಿನ ಪರದೆ ಎಷ್ಟು ಹೊತ್ತು ಸರಿದಿದೆ ಎಂಬುದು ಇನ್ನೊಂದು. ಪಿ ಅಂದರೆ ಎರಡನ್ನೂ ಕ್ಯಾಮೆರಾ ನೋಡಿಕೊಳ್ಳುತ್ತದೆ, ನೀನು ಒತ್ತಿದರೆ ಸಾಕು. ಎ ಅಂದರೆ ಕಿಂಡಿ ನಿನ್ನದು, ಹೊತ್ತು ಅದರದು. ಮುಖ ತೆಗೆಯುವವರಿಗೆ ಇದು ಒಳ್ಳೆಯದು. ಕಿಂಡಿ ಅಗಲ ಇಟ್ಟರೆ ಹಿಂದಿನ ಗಲಾಟೆಯೆಲ್ಲ ಮಸುಕಾಗಿ ಮುಖ ಮಾತ್ರ ನಿಲ್ಲುತ್ತದೆ. ಎಸ್ ಅಂದರೆ ಹೊತ್ತು ನಿನ್ನದು, ಕಿಂಡಿ ಅದರದು. ಓಡುವ ದೋಣಿಗೆ, ಹಾರುವ ಕಾಗೆಗೆ ಅದನ್ನು ಇಟ್ಟುಕೋ. ಎಂ ಅಂದರೆ ಎರಡೂ ನಿನ್ನದು, ಪಾಪ ಪುಣ್ಯವೂ ನಿನ್ನದು.

ಇದನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಈಗ ಪುಸ್ತಕ ಪಿಸುಮಾತಿನಲ್ಲಿ ಹೇಳುವುದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ಆ ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಒಂದು ಪುಟ್ಟ ಕಣ ಇದೆ. ಸೂರ್ಯನಿಂದ ಹೊರಟ ಬೆಳಕು ನಿನ್ನ ಅಜ್ಜಿಯ ಕೆನ್ನೆಗೆ ತಾಗಿ, ಅಲ್ಲಿಂದ ಪುಟಿದು ಒಳಗೆ ಬಂದ ಕೂಡಲೇ ಅದು ಅಳೆದು ಮುಗಿಸಿರುತ್ತದೆ. ನನಗೆ ಎಪ್ಪತ್ತು ವರ್ಷವಾಯಿತು, ಈಗಲೂ ಇದನ್ನು ನೆನೆದರೆ ನನ್ನ ಮೈ ಜುಮ್ಮೆನ್ನುತ್ತದೆ. ಆದರೆ ಆ ಕಣ ಅಳೆಯುವುದು ಬೆಳಕನ್ನು ಮಾತ್ರ. ಎದುರಿಗೆ ಇರುವುದು ಏನು ಎಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಅದಕ್ಕೊಂದು ನಂಬಿಕೆಯನ್ನು ಕಲಿಸಿ ಕಳಿಸಿದ್ದಾರೆ. ಲೋಕದಲ್ಲಿರುವುದೆಲ್ಲ ಬೆಳ್ಳಗೂ ಅಲ್ಲ, ಕಪ್ಪೂ ಅಲ್ಲ, ನಡುವಿನದ್ದು ಎಂಬ ನಂಬಿಕೆ. ಬಿಳಿ ಕೋಳಿ ತೋರಿಸು, ಇಷ್ಟು ಬೆಳಕು ಜಾಸ್ತಿಯಾಯಿತು ಎಂದು ಕಡಿಮೆ ಮಾಡಿ ಅದನ್ನು ಬೂದಿ ಕೋಳಿ ಮಾಡುತ್ತದೆ. ಕಪ್ಪು ಎಮ್ಮೆ ತೋರಿಸು, ಬೆಳಕು ಸಾಲದು ಎಂದು ಸುರಿದು ಅದನ್ನೂ ಬೂದಿ ಎಮ್ಮೆ ಮಾಡುತ್ತದೆ. ಪಿ, ಎ, ಎಸ್ ಮೂರಕ್ಕೂ ಇದೇ ಮತ.

ಆ ನಡುವಿನ ಬಣ್ಣಕ್ಕೆ ಪೇಟೆಯಲ್ಲಿ ಬೂದು ಬಣ್ಣದ ಒಂದು ರಟ್ಟು ಸಿಗುತ್ತದೆ. ನನ್ನ ಕಾಲದಲ್ಲಿ ಇಲ್ಲಿ ಸಿಗುತ್ತಿರಲಿಲ್ಲ. ನಾನು ಒಂದು ದಿನ ಸ್ಟುಡಿಯೊದ ಮಾಡಿನಿಂದ ಬಿದ್ದ ಹಂಚಿನ ತುಂಡನ್ನು ಅಳೆದು ನೋಡಿದೆ. ಬಣ್ಣ ಕೆಂಪಾದರೂ ಬೆಳಕಿನ ಅಳತೆ ಸರಿಯಾಗಿ ಅದೇ! ಕ್ಯಾಮೆರಾ ನಂಬುವ ಲೋಕ ನಮ್ಮ ಮಂಗಳೂರು ಹಂಚಿನ ಬಣ್ಣದ್ದು. ಅಂದಿನಿಂದ ಆ ತುಂಡು ನನ್ನ ಚೀಲದಲ್ಲೇ ಇತ್ತು. ಅದನ್ನು ಇದರ ಜೊತೆ ಕಳಿಸಿದ್ದೇನೆ. ಮುಖದ ಮೇಲೆ ಬಿದ್ದ ಬೆಳಕೇ ಬೀಳುವ ಹಾಗೆ ಹಂಚನ್ನು ಹಿಡಿ. ಕ್ಯಾಮೆರಾಕ್ಕೆ ಹಂಚು ಮಾತ್ರ ತೋರಿಸಿ ಅಳೆ. ಬೆರಳಿನ ಹತ್ತಿರ ಅಳತೆಯನ್ನು ಕಟ್ಟಿಹಾಕುವ ಒಂದು ಗುಂಡಿ ಇದೆ, ಹಿತೇಶ ತೋರಿಸುತ್ತಾನೆ, ಅದನ್ನು ಒತ್ತಿ ಹಿಡಿ. ಆಮೇಲೆ ಹಂಚು ತೆಗೆದು ಮುಖ ತೆಗೆ. ಕಪ್ಪಿದ್ದವರು ಕಪ್ಪಾಗಿ, ಚಂದವಾಗಿ, ತಮ್ಮ ಹಾಗೆಯೇ ಬರುತ್ತಾರೆ.

ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಅಂಚೆಯಲ್ಲೇ ಕಳಿಸು.

ಇತಿ,
ವಾಲ್ಟರ್

ಮರೆತೆ: ಅಜ್ಜಿಯ ಹೆಸರೇನು?


ಬೆಂಗ್ರೆ
ಅಕ್ಟೋಬರ್ 6, 2024

ವಾಲ್ಟರ್ ಅಂಕಲ್,

ಇನ್ನು ಸರ್ ಎನ್ನುವುದಿಲ್ಲ. ಹಂಚು ಕಳಿಸಿದವರಿಗೆ ಸರ್ ಎಂದರೆ ಸರಿಯಾಗುವುದಿಲ್ಲ.

ನಾಲ್ಕು ಪದರ ಪೇಪರ್ ಬಿಚ್ಚಿದಾಗ ಹಂಚಿನ ತುಂಡು ಹೊರಗೆ ಬಂದದ್ದನ್ನು ನೋಡಿ ಅಜ್ಜಿ, "ಧಾರವಾಡದಿಂದ ಮಂಗಳೂರಿಗೆ ಹಂಚು ಕಳಿಸುವ ಪುಣ್ಯಾತ್ಮ ಯಾರು?" ಎಂದು ಕೇಳಿದರು. ಕ್ಯಾಮೆರಾ ಕಲಿಸುವ ಮೇಷ್ಟ್ರು ಎಂದೆ. "ಪಾಪ, ಪ್ರಾಯವಾಗಿರಬೇಕು" ಎಂದರು.

ಪಕ್ಕದ ಮನೆಯ ಬಿಳಿ ಕೋಳಿಯನ್ನೇ ಎರಡು ಸಲ ತೆಗೆದೆ. ಎ ಇಟ್ಟು ಹಾಗೆಯೇ ಒಂದು, ಹಂಚು ಅಳೆದು ಒಂದು. ಹಿತೇಶಣ್ಣ ತಮ್ಮ ಬಚ್ಚಲುಮನೆಯಲ್ಲಿ ಫಿಲ್ಮ್ ತೊಳೆದರು. ನನಗೂ ನಿಲ್ಲಲು ಬಿಟ್ಟರು. ಡಬ್ಬಿಯಿಂದ ಒದ್ದೆ ಫಿಲ್ಮನ್ನು ಎಳೆದು ಬಲ್ಬಿಗೆ ಹಿಡಿದಾಗ, ಅಂಕಲ್, ನಾನು ಬಾಯಿ ಮುಚ್ಚಲು ಮರೆತೆ. ಒಂದು ವಾರದ ಹಿಂದೆ ಅಂಗಳದಲ್ಲಿ ಬಿದ್ದು ಹೋದ ಬೆಳಕು ಅದರಲ್ಲಿ ಹಾಗೆಯೇ ನಿಂತಿತ್ತು. ಮೊಬೈಲಿನಲ್ಲಿ ಸಾವಿರ ಫೋಟೊ ತೆಗೆದಿದ್ದೇನೆ, ಒಮ್ಮೆಯೂ ಹೀಗೆ ಅನಿಸಿದ್ದಿಲ್ಲ. ಕೋಳಿಗಳನ್ನು ಲಗತ್ತಿಸಿದ್ದೇನೆ. ಮೊದಲನೆಯದು ಬೂದಿಯಲ್ಲಿ ಹೊರಳಿದ್ದು, ಎರಡನೆಯದು ಬೆಳ್ಳಗೆ ಇದ್ದದ್ದು. ನೀವು ಹೇಳಿದ್ದು ಅಕ್ಷರಶಃ ಸತ್ಯ.

ಆದರೆ ಅಜ್ಜಿ ಬರಲಿಲ್ಲ. ಕ್ಯಾಮೆರಾ ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾರೆ. ಹಾಗಾಗಿ ಕಳ್ಳತನ ಮಾಡಿದೆ. ಅವರು ಬಲೆ ಹಾಕಿಡುವ ಶೆಡ್ಡಿನ ನೆರಳಿನಲ್ಲಿ ಕೂತು ಸಿಗಡಿ ಸುಲಿಯುತ್ತಿದ್ದರು. ನಾನು ದೂರದ ತೆಂಗಿನ ಮರದ ಹಿಂದೆ ನಿಂತು ಎಪ್ಪತ್ತಕ್ಕೆ ತಿರುಗಿಸಿ ಆರು ಫೋಟೊ ತೆಗೆದೆ. ಆರೂ ಅಲುಗಿವೆ. ಜೂಮ್ ಮಾಡಿದರೆ ಯಾಕೆ ಹೀಗೆ?

ಅಜ್ಜಿಯ ಹೆಸರು ಮುದ್ದು. ಅಜ್ಜ ಮೋಹನದಾಸ್. ಮದುವೆಯಾಗಿ ಮೂರನೇ ವರ್ಷ, 1982ರಲ್ಲಿ, ದೋಣಿ ಮಗುಚಿ ಹೋದರು. ಅಮ್ಮನಿಗೆ ಆಗ ಎರಡು ವರ್ಷ. ಆ ಮಸಿ ಫೋಟೊ ಬಿಟ್ಟರೆ ಅಜ್ಜನದು ಬೇರೆ ಒಂದೂ ಇಲ್ಲ. ಅಮ್ಮನಿಗೆ ತನ್ನ ಅಪ್ಪನ ಮುಖ ಗೊತ್ತಿಲ್ಲ. ನನಗಂತೂ ಇಲ್ಲವೇ ಇಲ್ಲ. 1979ರಲ್ಲಿ ಬೆಂಗ್ರೆಗೆ ಬಂದು ಮದುವೆ ಫೋಟೊ ತೆಗೆಯುತ್ತಿದ್ದವರು ಯಾರು ಎಂದು ನಿಮಗೆ ನೆನಪಿರಬಹುದೇ? ಆ ಮನುಷ್ಯ ಸಿಕ್ಕರೆ ನಾನು ಒಂದು ಮಾತು ಕೇಳಬೇಕು.

ನಿಮ್ಮ,
ಪ್ರಾಪ್ತಿ


ಧಾರವಾಡ
ನವೆಂಬರ್ 4, 2024

ಪ್ರಿಯ ಪ್ರಾಪ್ತಿ,

ತಡವಾಯಿತು. ಜ್ವರ ಇತ್ತು.

ಕೋಳಿಗಳು ಚೆನ್ನಾಗಿವೆ. ಜೂಮಿನ ವಿಷಯಕ್ಕೆ ಬರುತ್ತೇನೆ. ಲೆನ್ಸಿನ ಬಾಯಿಯ ಸುತ್ತ 3.5–4.5 ಎಂದು ಕಿಂಡಿಯ ಅಳತೆ ಸಣ್ಣಕ್ಕೆ ಬರೆದಿದೆ, ನೋಡು. ಮೂವತ್ತೈದರಲ್ಲಿ ಇದ್ದಷ್ಟು ಬೆಳಕು ಎಪ್ಪತ್ತಕ್ಕೆ ತಿರುಗಿಸಿದಾಗ ಒಳಗೆ ಬರುವುದಿಲ್ಲ. ನೀನು ಎ ಇಟ್ಟಿದ್ದಿ. ಬೆಳಕು ಕಡಿಮೆಯಾದದ್ದನ್ನು ಕ್ಯಾಮೆರಾ ಹೊತ್ತಿನಲ್ಲಿ ತುಂಬಿಸಿಕೊಂಡಿತು, ಪರದೆ ನಿಧಾನವಾಯಿತು. ಮೇಲಿಂದ ನೆರಳು ಬೇರೆ. ದೂರದ್ದನ್ನು ದೊಡ್ಡದು ಮಾಡಿದಾಗ ನಿನ್ನ ಕೈಯ ನಡುಕವೂ ದೊಡ್ಡದಾಗುತ್ತದೆ. ಎಪ್ಪತ್ತರಲ್ಲಿ ಇರುವಾಗ ಸೆಕೆಂಡಿನ ಎಪ್ಪತ್ತನೇ ಒಂದು ಭಾಗಕ್ಕಿಂತ ನಿಧಾನ ಹೋಗಬೇಡ ಎಂಬುದು ನಮ್ಮ ಲೆಕ್ಕ.

ಇನ್ನೊಂದು. ಜೂಮ್ ನಿನ್ನನ್ನು ಹತ್ತಿರ ಒಯ್ಯುವುದಿಲ್ಲ. ದೂರದಲ್ಲಿ ಕಂಡದ್ದನ್ನೇ ಕತ್ತರಿಸಿ ದೊಡ್ಡದು ಮಾಡಿ ಕೊಡುತ್ತದೆ, ಅಷ್ಟೆ. ಎಲ್ಲಿ ನಿಂತಿದ್ದೀಯೋ ಅಲ್ಲಿಂದಲೇ ನೋಡಿದ್ದು ಫೋಟೊದಲ್ಲಿ ಬರುವುದು. ತೆಂಗಿನ ಮರದ ಹಿಂದಿನಿಂದ ತೆಗೆದರೆ ತೆಂಗಿನ ಮರದ ಹಿಂದಿನ ಫೋಟೊ ಬರುತ್ತದೆ. ಎಪ್ಪತ್ತು ಮುಖಕ್ಕೆ ಒಳ್ಳೆಯದು, ಮೂಗು ದಪ್ಪವಾಗದೆ ಇದ್ದ ಹಾಗೆ ಬರುತ್ತದೆ. ಆದರೆ ಮೊದಲು ಕಾಲಿನಲ್ಲಿ ನಡೆದು ಎರಡು ಮಾರು ದೂರಕ್ಕೆ ಹೋಗು, ಕೇಳಿ ತೆಗೆ.

1979ರ ಮಾತು. ಆಗ ಪೇಟೆಯಲ್ಲಿ ಹಲವು ಸ್ಟುಡಿಯೊ ಇದ್ದವು. ಯಾರು ಎಲ್ಲಿಗೆ ಹೋದರು ಎಂದು ಯಾರಿಗೆ ನೆನಪು? ಹಳೆಯದನ್ನು ಕೆದಕಿ ಲಾಭವಿಲ್ಲ. ಮುಂದೆ ತೆಗೆಯುವುದನ್ನು ನೋಡು.

ವಾಲ್ಟರ್


ಬೆಂಗ್ರೆ
ನವೆಂಬರ್ 24, 2024

ಶ್ರೀ ವಾಲ್ಟರ್ ಪಿಂಟೊ ಅವರಿಗೆ,

ಮಸಿ ಫೋಟೊವನ್ನು ದೊಡ್ಡದು ಮಾಡಿದರೆ ಏನಾದರೂ ಕಂಡೀತೋ ಎಂದು ನಿನ್ನೆ ಹಿತೇಶಣ್ಣನಲ್ಲಿಗೆ ಒಯ್ದಿದ್ದೆ. ಅವರು ಫ್ರೇಮಿನ ಮೊಳೆ ಕಿತ್ತು ಹಿಂದಿನ ರಟ್ಟು ತೆಗೆದರು. ಹಿಂಬದಿಯಲ್ಲಿ ನೇರಳೆ ಮುದ್ರೆ ಇತ್ತು. ವಾಲ್ಟರ್ ಪಿಂಟೊ, ಹಂಪನಕಟ್ಟೆ. ನಂಬರ್ 417.

ನೀವು ಅಜ್ಜಿಯ ಹೆಸರು ಕೇಳಿದಾಗ, ಎಷ್ಟು ಒಳ್ಳೆಯ ಮನುಷ್ಯ, ಹೆಸರು ಕೂಡ ಕೇಳಿದರು ಎಂದು ಅಮ್ಮನಿಗೆ ಹೇಳಿಕೊಂಡು ತಿರುಗಿದ್ದೆ. ಜ್ವರ ಎಂದು ಬರೆದಾಗ ಶಿಬರೂರಿನ ದೈವಕ್ಕೆ ಕೈ ಮುಗಿದಿದ್ದೆ.

ಒಂದು ಮಾತು ಕೇಳಬೇಕು ಎಂದಿದ್ದೆನಲ್ಲ. ಕೇಳುತ್ತಿದ್ದೇನೆ. ಹಂಚು ನಿಮ್ಮ ಚೀಲದಲ್ಲೇ ಇತ್ತಲ್ಲ? ಮತ್ತೆ ಯಾಕೆ?

ಪ್ರಾಪ್ತಿ


ಧಾರವಾಡ
ಡಿಸೆಂಬರ್ 28, 2024

ಪ್ರಾಪ್ತಿ,

ಕ್ರಿಸ್ಮಸ್‌ಗೆ ಮುಂಚೆ ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋಗುವುದು ನಮ್ಮ ಕ್ರಮ. ಪ್ರತಿ ವರ್ಷ ಹೋಗುತ್ತೇನೆ. ಈ ಪಾಪವನ್ನು ಮಾತ್ರ ನಲವತ್ತೈದು ವರ್ಷ ಹೇಳದೆ ಬಂದೆ. ಈ ಸಲ ಹೇಳಿದೆ. ಪಾದ್ರಿ ಹುಡುಗ, ನಿನ್ನ ಪ್ರಾಯದವನು. "ನನ್ನಲ್ಲಿ ಹೇಳಿ ಎಂತ ಮಾಡ್ತೀರಿ? ಅವರಲ್ಲಿ ಹೇಳಿ" ಎಂದ.

ಹಂಚು ಆ ದಿನ ಚೀಲದಲ್ಲಿ ಇರಲಿಲ್ಲ. ನನಗೆ ಇಪ್ಪತ್ತೈದು ವರ್ಷ. ಕುವೈತಿನಲ್ಲಿದ್ದ ನನ್ನ ಅಣ್ಣ ಆ ವಾರವಷ್ಟೇ ಆಟೊಮ್ಯಾಟಿಕ್ ಕ್ಯಾಮೆರಾ ತಂದುಕೊಟ್ಟಿದ್ದ. ಚಕ್ರದ ಮೇಲೆ ಕೆಂಪು ಎ. ನನ್ನ ಬೀದಿಯಲ್ಲಿ ಅಂಥದ್ದು ಯಾರ ಹತ್ತಿರವೂ ಇರಲಿಲ್ಲ. ಕ್ಯಾಮೆರಾವೇ ಅಳೆಯುವಾಗ ಹಂಚು ಹೊರುವುದು ಯಾಕೆ, ಮದುವೆ ಮನೆಯಲ್ಲಿ ಹಂಚು ಹಿಡಿದು ನಿಂತರೆ ನಗಾಡುತ್ತಾರೆ ಎಂದು ಸ್ಟುಡಿಯೊದಲ್ಲೇ ಇಟ್ಟು ಬಂದೆ. ಮೇ ತಿಂಗಳ ನಡು ಮಧ್ಯಾಹ್ನ. ಕೆಳಗೆ ಬೆಂಗ್ರೆಯ ಮರಳು, ಹಿಂದೆ ಸುಣ್ಣದ ಗೋಡೆ, ಮದುಮಗನ ಮೈಮೇಲೆ ಬಿಳಿ ಅಂಗಿ. ಕ್ಯಾಮೆರಾ ಆ ಬಿಳಿಯನ್ನೆಲ್ಲ ಅಳೆದು ಹಂಚಿನ ಬಣ್ಣಕ್ಕೆ ಇಳಿಸಿತು. ಮುಖಗಳು ಅದರ ಕೆಳಗೆ ಹೂತು ಹೋದವು.

ತಪ್ಪು ಅಲ್ಲಿಗೆ ನಿಂತಿದ್ದರೆ ಮರೆಯಬಹುದಿತ್ತು. ನಿನ್ನ ಅಜ್ಜಿ ಸ್ಟುಡಿಯೊಕ್ಕೆ ಬಂದು ಕೇಳಿದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳು ಇದ್ದರು. ಹೊಸ ಕ್ಯಾಮೆರಾದವನಿಗೆ ಫೋಟೊ ತೆಗೆಯಲು ಬರುವುದಿಲ್ಲ ಎಂದು ಆಗಬಾರದಲ್ಲ. ಆ ಮಾತು ನನ್ನ ಬಾಯಿಂದ ಬಂತು. ಗಿರಾಕಿಗಳು ನಕ್ಕರು. ನಿನ್ನ ಅಜ್ಜಿ ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದರು.

ಇನ್ನೂ ಉಂಟು. 1982ರ ಮಳೆಗಾಲ ಮುಗಿದ ಮೇಲೆ ಅವರು ಮತ್ತೊಮ್ಮೆ ಬಂದರು, ಸೊಂಟದಲ್ಲಿ ಮಗು. "ಅವರದು ಬೇರೆ ಯಾವುದಾದರೂ ತೆಗೆದದ್ದು ಉಂಟಾ?" ಎಂದರು. ಇಲ್ಲ ಎಂದೆ. ಇದ್ದ ಒಂದರಲ್ಲೂ ಏನೂ ಸಿಗುವುದಿಲ್ಲ ಎಂದೆ. ಆ ರಾತ್ರಿ ನಿದ್ರೆ ಬರದೆ, ಮರುದಿನ ಬೆಳಗ್ಗೆ ನಂಬರ್ 417ರ ಲಕೋಟೆ ಹುಡುಕಿ ತೆಗೆದೆ. ನೆಗೆಟಿವ್ ಕೈಜಾರಿ ಫಿಲ್ಮ್ ತುಂಬಿಸುವ ಕಪ್ಪು ಬಟ್ಟೆಯ ಮೇಲೆ ಬಿತ್ತು. ಕಿಟಕಿಯಿಂದ ಬೆಳಕು ಓರೆಯಾಗಿ ಬರುತ್ತಿತ್ತು. ನಾನು ಕಂಡದ್ದನ್ನು ಬರೆಯುವುದಿಲ್ಲ. ಮೊಣಕಾಲು ಊರಿದೆ, ಅಷ್ಟು ಹೇಳುತ್ತೇನೆ.

ಅದನ್ನು ಆಗಲೇ ಒಯ್ದು ಕೊಡಬೇಕಿತ್ತು. ಬೆಂಗ್ರೆಗೆ ಹೊಳೆ ದಾಟಿಸುವ ಫೆರಿಯ ಕಟ್ಟೆಯವರೆಗೆ ಎರಡು ಸಲ ಹೋದೆ. ಕೊಟ್ಟರೆ, ಅಂದು ಹೇಳಿದ್ದು ಸುಳ್ಳೆಂದು ಒಪ್ಪಬೇಕಾಗುತ್ತಿತ್ತು. ತಿರುಗಿ ಬಂದೆ. ಸ್ಟುಡಿಯೊ ಮುಚ್ಚುವಾಗ ಸಾವಿರಾರು ನೆಗೆಟಿವ್ ಬಿಸಾಡಿದೆ, ಇದೊಂದು ನನ್ನ ಜಪಮಾಲೆಯ ಪೆಟ್ಟಿಗೆಯಲ್ಲಿ ಉಳಿಯಿತು. ಈಗ ಇದು ನಿಮ್ಮದು.

ಇದನ್ನು ಬೆಳಕಿಗೆ ಎತ್ತಿ ಹಿಡಿದು ನೋಡಬೇಡಿ. ಹಗಲಿನಲ್ಲಿ, ಕಪ್ಪು ಬಟ್ಟೆಯ ಮೇಲೆ ಇಟ್ಟು, ಸ್ವಲ್ಪ ಓರೆ ಮಾಡಿ, ಭೂತಗನ್ನಡಿ ಹಿಡಿಯಿರಿ. ಬೆಳಕು ತೀರಾ ಕಡಿಮೆ ಬಿದ್ದ ನೆಗೆಟಿವ್‌ಗೆ ಮಾತ್ರ, ಕಪ್ಪಿನ ಮೇಲೆ ಇಟ್ಟರೆ ತಿರುಗಿ ಫೋಟೊದ ಹಾಗೆ ಕಾಣುವ ಗುಣ ಉಂಟು. ಅಜ್ಜಿಯೇ ಮೊದಲು ನೋಡಲಿ.

ವಾಲ್ಟರ್


ಬೆಂಗ್ರೆ
ಜನವರಿ 12, 2025

ವಾಲ್ಟರ್ ಅಂಕಲ್,

ನಿಮ್ಮ ಕಾಗದವನ್ನು ಓದಿ ಮೂರು ದಿನ ನನ್ನ ಬ್ಯಾಗಿನಲ್ಲೇ ಇಟ್ಟುಕೊಂಡೆ. ಫೆರಿಯಲ್ಲಿ ಹೋಗುವಾಗ ಹೊಳೆಗೆ ಎಸೆಯೋಣ ಎಂದೂ ಅನಿಸಿತು. ನಾಲ್ಕನೇ ದಿನ ಆದಿತ್ಯವಾರ, ಅಜ್ಜಿಯ ಎದುರು ಕೂತು ತುಳುವಿನಲ್ಲಿ ಪೂರ್ತಿ ಓದಿ ಹೇಳಿದೆ. ಅವರು ಸಿಗಡಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸ್ಟುಡಿಯೊಕ್ಕೆ ಎರಡನೇ ಸಲ ಹೋದದ್ದನ್ನು ಅವರು ಅಮ್ಮನಿಗೂ ಹೇಳಿರಲಿಲ್ಲ. ಓದಿ ಮುಗಿದ ಮೇಲೆ ಕೈ ತೊಳೆದು ಬಂದು, "ಎಲ್ಲಿ ಉಂಟು, ಕೊಡು" ಎಂದರು.

ಮನೆಯಲ್ಲಿ ಕಪ್ಪು ಬಟ್ಟೆ ಇರಲಿಲ್ಲ. ಮೂಲೆಯಲ್ಲಿ ಅಜ್ಜಿಯ ಕೊಡೆ ಇತ್ತು. ಜಗಲಿಯಲ್ಲಿ ಅದನ್ನು ಬಿಡಿಸಿ ಅಡ್ಡ ಇಟ್ಟು, ಅದರ ಮೇಲೆ ನೆಗೆಟಿವ್ ಇಟ್ಟೆ. ಮೊದಲು ಏನೂ ಇಲ್ಲ, ಒಂದು ಪ್ಲಾಸ್ಟಿಕ್ ಚೂರು. ಬೆರಳಿನಿಂದ ಸ್ವಲ್ಪ ಓರೆ ಮಾಡಿದೆ.

ಅಂಕಲ್, ಬಂದರು. ಇಬ್ಬರೂ ಬಂದರು. ಮುಂಡಾಸು, ಹಣೆ, ಮೀಸೆ, ಒಂದೊಂದಾಗಿ ಆ ಕೊಡೆಯ ಕಪ್ಪಿನಿಂದ ಮೇಲೆದ್ದು ಬಂದವು. ಅಮ್ಮ ನನ್ನ ಭುಜ ಹಿಡಿದುಕೊಂಡರು, ಉಗುರು ಊರಿದ್ದು ನನಗೆ ಆಮೇಲೆ ಗೊತ್ತಾಯಿತು. ಅಮ್ಮನ ಮೂಗು ಅಜ್ಜನದು. ಇಷ್ಟು ವರ್ಷ ಯಾರ ಮೂಗು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಭೂತಗನ್ನಡಿ ಅಜ್ಜಿಯ ಕೈಯಲ್ಲಿತ್ತು. "ಉಂದು ಆರೇ" ಎಂದರು. ಇದು ಅವರೇ ಎಂದು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟು, "ಇವರು ಎಲ್ಲಿ ನೋಡ್ತಾ ಇದ್ದಾರೆ, ನೀನು ನೋಡಿ ಹೇಳು" ಎಂದರು. ನೋಡಿದೆ. ಅಜ್ಜನ ತಲೆ ನೇರ ಇದೆ, ನೀವು ನಿಲ್ಲಿಸಿದ ಹಾಗೆ. ಕಣ್ಣು ಮಾತ್ರ ಪಕ್ಕಕ್ಕೆ ಹೊರಳಿದೆ. ಅಜ್ಜ ಕ್ಯಾಮೆರಾ ನೋಡುತ್ತಿಲ್ಲ. ಅಜ್ಜಿಯನ್ನು ನೋಡಿ ತುಟಿ ಬಿಗಿದು ನಗುತ್ತಿದ್ದಾರೆ.

ನಿಮಗೆ ಇದು ಗೊತ್ತಿತ್ತು. ಅದನ್ನು ಕಾಗದದಲ್ಲಿ ಹೇಳದೆ ಅಜ್ಜಿಗೇ ಕಾಣಲು ಬಿಟ್ಟದ್ದಕ್ಕೆ ನಿಮ್ಮ ಮೇಲಿನ ಅರ್ಧ ಸಿಟ್ಟು ಇಳಿಯಿತು.

ಅಜ್ಜಿ ಹೇಳಿದರು: "ಮದುವೆ ದಿನ ನಾನು ತಲೆ ಎತ್ತಲೇ ಇಲ್ಲ. ಎತ್ತಬಾರದು ಅಂತ ಹೇಳಿಕೊಟ್ಟಿದ್ರು. ಆ ಪೊರ್ಬು ಮಾತ್ರ 'ಇಲ್ಲಿ ನೋಡಿ, ಇಲ್ಲಿ ನೋಡಿ' ಅಂತ ಬೊಬ್ಬೆ ಹಾಕ್ತಾ ಇದ್ದ. ನನಗೇ ಬಯ್ಯುದು ಅಂತ ತಿಳಿದುಕೊಂಡಿದ್ದೆ. ಅದು ಇವರಿಗೆ ಹೇಳಿದ್ದಾ?" ಕ್ರೈಸ್ತರನ್ನು ಅಜ್ಜಿ ಪೊರ್ಬು ಎಂದೇ ಕರೆಯುವುದು, ಬೇಸರ ಮಾಡಬೇಡಿ. ಆಮೇಲೆ ಅವರು ಅತ್ತರು. ಅಜ್ಜ ಹೋದಾಗಲೂ ಇಷ್ಟು ಅತ್ತಿರಲಿಕ್ಕಿಲ್ಲ ಎಂದು ಅಮ್ಮ ಹೇಳಿದರು. ಬಿಸಿಲು ಇಳಿದು ನೆಗೆಟಿವ್ ಮತ್ತೆ ಪ್ಲಾಸ್ಟಿಕ್ ಚೂರಾಗುವವರೆಗೂ ಕೊಡೆಯ ಪಕ್ಕದಿಂದ ಏಳಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಕೊಡೆ ಬಿಡಿಸಿದರು. ಅದರ ಮರುದಿನವೂ. ಹಿತೇಶಣ್ಣ ಇದನ್ನು ಕಂಪ್ಯೂಟರಿಗೆ ಹಾಕಿ ಮುಖ ಕಾಣುವ ಹಾಗೆ ದೊಡ್ಡ ಪ್ರಿಂಟ್ ಹಾಕಿಕೊಡುತ್ತೇನೆ ಎಂದಿದ್ದಾರೆ, ಆದರೆ ಅಜ್ಜಿ ನೆಗೆಟಿವನ್ನು ಬಿಟ್ಟುಕೊಡಬೇಕಲ್ಲ.

ಗುರುವಾರ ನಾನು ಆಫೀಸಿಗೆ ಹೊರಟಿದ್ದೆ. "ನಿನ್ನ ಪೆಟ್ಟಿಗೆ ತಾ" ಎಂದು ಜಗಲಿಯಲ್ಲಿ ಕೂತರು. ಸೆರಗು ಎಳೆದುಕೊಳ್ಳಲಿಲ್ಲ. ನಾನು ನಡೆದು ಹತ್ತಿರ ಹೋದೆ, ಎರಡು ಮಾರು. ಎಪ್ಪತ್ತಕ್ಕೆ ತಿರುಗಿಸಿದೆ. ಎ ಇಟ್ಟೆ. ಹಂಚನ್ನು ಅವರ ಕೆನ್ನೆಯ ಪಕ್ಕ ಅವರೇ ಹಿಡಿದರು, ನಾನು ಅಳೆದು ಗುಂಡಿ ಒತ್ತಿ ಹಿಡಿದೆ. ಹಂಚು ಕೆಳಗಿಟ್ಟರು. ಆದರೆ ಕ್ಯಾಮೆರಾ ನೋಡಲಿಲ್ಲ ಅಂಕಲ್. ಪಕ್ಕದಲ್ಲಿ ಬಿಡಿಸಿಟ್ಟ ಕೊಡೆಯ ಕಡೆ ನೋಡಿದರು. ಇಲ್ಲಿ ನೋಡಿ ಎನ್ನಲು ನನ್ನ ಬಾಯಿ ತೆರೆದದ್ದು ಹೌದು. ಮುಚ್ಚಿಕೊಂಡು ಒತ್ತಿದೆ.

ಪ್ರಿಂಟ್ ಇದರ ಜೊತೆ ಇದೆ. ಅಜ್ಜಿ ಅದನ್ನು ನೋಡಿ, "ಇದು ನಾನು" ಎಂದರು. ಮುಖ ಕಪ್ಪಾಗಿಯೇ ಬಂದಿದೆ, ಮಿಂಚುತ್ತಿದೆ, ಹಣೆಯ ಒಂದೊಂದು ಗೆರೆಯೂ ಇದೆ.

ಈಗ ಅವರ ಎರಡು ಷರತ್ತು. ಒಂದು, ನೀವು ಹೇಳಬೇಕಾದ್ದನ್ನು ನನಗಲ್ಲ, ಅವರ ಹೆಸರಿಗೇ ಬರೆಯಬೇಕು, ದಪ್ಪ ಅಕ್ಷರದಲ್ಲಿ. ಐದನೇ ಕ್ಲಾಸಿನವರೆಗೆ ಕಲಿತವರು, ಅವರೇ ಓದುತ್ತಾರಂತೆ. ಎರಡು, ಮದುವೆಯಲ್ಲಿ ಫೋಟೊಕ್ಕೆ ನಿಲ್ಲುತ್ತಾರೆ, ಆದರೆ ಪೊರ್ಬು ಬಂದರೆ ಮಾತ್ರ. "ಬರ್ಲಿ. ನಾನೂ ಅವನದ್ದೊಂದು ತೆಗಿತೇನೆ. ಮುಖ ಸುಣ್ಣದ ಹಾಗೆ ಬಂದರೆ, ಬಿಳಿ ಇದ್ದವರು ಬಿಳಿಯೇ ಬರುದು ಅಂತ ಹೇಳ್ತೇನೆ" ಎಂದರು. ಇಷ್ಟು ಹೇಳಿ ನಕ್ಕರು, ಈ ಸಲ ಕಣ್ಣೂ ನಕ್ಕಿತು.

ನಿಮ್ಮ,
ಪ್ರಾಪ್ತಿ


ಧಾರವಾಡ
ಜನವರಿ 20, 2025

ಮುದ್ದು ಅಮ್ಮನವರಿಗೆ,

ವಾಲ್ಟರ್ ಪಿಂಟೊ ಮಾಡುವ ನಮಸ್ಕಾರಗಳು.

ನೀವು ಹೇಳಿದ ಹಾಗೆ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. 1979ರಲ್ಲಿ ನನ್ನ ಅಂಗಡಿಯಲ್ಲಿ ನಾನು ನಿಮಗೆ ಹೇಳಿದ್ದು ಸುಳ್ಳು. ನಿಮ್ಮ ಬಣ್ಣದಿಂದ ಫೋಟೊ ಹಾಳಾಗಲಿಲ್ಲ. ನಾನು ಅಳೆಯಲಿಲ್ಲ, ಅದರಿಂದ ಹಾಳಾಯಿತು. 1982ರಲ್ಲಿ ನೀವು ಮಗು ಎತ್ತಿಕೊಂಡು ಬಂದಾಗ ಇಲ್ಲ ಎಂದೆ. ಮರುದಿನ ಇದೆ ಎಂದು ಗೊತ್ತಾದ ಮೇಲೂ ಬಂದು ಹೇಳಲಿಲ್ಲ. ಮೊದಲನೆಯದಕ್ಕಿಂತ ಇದು ದೊಡ್ಡ ತಪ್ಪು. ನಿಮ್ಮ ಮಗಳಲ್ಲೂ ನಾನು ಕ್ಷಮೆ ಕೇಳಬೇಕು. ಅದನ್ನು ಎದುರಿಗೆ ಬಂದು ಕೇಳುತ್ತೇನೆ.

ನಿಮ್ಮ ಫೋಟೊವನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದೇನೆ. ಐವತ್ತು ವರ್ಷ ಮುಖಗಳನ್ನೇ ತೆಗೆದವನು ನಾನು. ಇಂಥ ಒಂದನ್ನು ತೆಗೆಯಲು ನನ್ನಿಂದ ಆಗಲಿಲ್ಲ, ನಿಮ್ಮ ಮೊಮ್ಮಗಳಿಂದ ಆಯಿತು. ನನ್ನ ಮಗಳು ನೋಡಿ, ಯಾರಪ್ಪಾ ಇವರು, ಎಷ್ಟು ಚಂದ ಎಂದಳು.

ಫೆಬ್ರವರಿ ಏಳರ ಬಸ್ಸಿಗೆ ಹೊರಡುತ್ತೇನೆ. ಎಂಟರಂದು ಫೆರಿ ಹತ್ತಿ ಬೆಂಗ್ರೆಗೆ ಬರುತ್ತೇನೆ, ಈ ಸಲ ಕಟ್ಟೆಯಿಂದ ತಿರುಗುವುದಿಲ್ಲ. ನನ್ನದೊಂದು ತೆಗೆಯುತ್ತೀರಂತೆ, ಒಪ್ಪಿದೆ, ಸುಣ್ಣದ ಹಾಗೆ ಬಂದರೂ ದೂರು ಇಲ್ಲ. ಮದುವೆಯ ಫೋಟೊ ಮಾತ್ರ ನನ್ನಿಂದ ಆಗಲಿಕ್ಕಿಲ್ಲ, ಕೈ ನಡುಗುತ್ತದೆ. ಹಿತೇಶ ಕ್ಯಾಮೆರಾ ಹಿಡಿಯಲಿ. ನೀವು, ಪ್ರಾಪ್ತಿ, ರೂಪೇಶ್ ನಿಲ್ಲಿ. ಹಂಚು ನಾನು ಹಿಡಿಯುತ್ತೇನೆ, ಎಲ್ಲರೂ ನಗಾಡಲಿ.

ನೀವು ಎಲ್ಲಿ ಬೇಕಾದರೂ ನೋಡಿ ಅಮ್ಮ. ನಾನು ಬೊಬ್ಬೆ ಹಾಕುವುದಿಲ್ಲ.

ಇತಿ,
ನಿಮ್ಮ ಪೊರ್ಬು,
ವಾಲ್ಟರ್